ಅಕ್ಕನ ಮನೆಗೆ ಕಡೆದ ಜಾಲಿ ಬಟ್ಟಲು

ಇಪ್ಪತ್ತೆರಡು ವರ್ಷಗಳಿಂದ ದಾವಣಗೆರೆಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕಫ, ಮೂತ್ರ, ಮಲ, ಕೀವು, ಇವೇ ನನ್ನ ಮೇಜಿಗೆ ಬರುವ ಸಾಮಾನು. ಹೊಸದಾಗಿ ಪರಿಚಯವಾದವರು ಎರಡನೇ ಮಾತಿಗೇ ‘ನಿಮಗೆ ಹೇಸಿಗೆ ಆಗಲ್ಲೇನ್ರಿ?’ ಎಂದು ಕೇಳುತ್ತಾರೆ. ಆಗುವುದಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಕಡ್ಡಿಯಿಂದ ಚೂರು ಎತ್ತಿ ಗಾಜಿನ ಪಟ್ಟಿಗೆ ಸವರಿ, ನೋಡಿ, ಬರೆದಿಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನುವವನು ನಾನು. ಮೊದಲ ವರ್ಷ ನನ್ನ ಹೆಂಡತಿ ನನ್ನ ಟಿಫಿನ್ ಡಬ್ಬಿಯನ್ನು ಬೇರೆ ಪಾತ್ರೆಗಳ ಜೊತೆ ಸೇರಿಸದೆ ಇಡುತ್ತಿದ್ದಳು. ಆಮೇಲೆ ಅವಳಿಗೂ ಮರೆತುಹೋಯಿತು.

ಹೇಸಿಗೆ ಅಂದರೆ ಏನೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಸ್ವಂತ ಅಕ್ಕನ ಮನೆಯ ಗೃಹಪ್ರವೇಶದ ದಿನ, ಒಂದು ಮರದ ಬಟ್ಟಲಿನ ದೆಸೆಯಿಂದ.

ಮಗಳು ಬಾಣಂತನಕ್ಕೆ ಬಂದಾಗ ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ಇಳಿಸಿದ್ದೆವು. ಅದರ ಒಂದು ಕಾಲನ್ನು ಗೆದ್ದಲು ತಿಂದಿತ್ತು. ಅಂಥದೇ ಕಾಲು ಹರಿಹರದಲ್ಲಿ ಒಬ್ಬರು ಕಡೆದುಕೊಡುತ್ತಾರೆ ಎಂದು ಯಾರೋ ಹೇಳಿದರು. ಮಾದರಿಗೆಂದು ಇನ್ನೊಂದು ಕಾಲನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಹೊಳೆಯ ಕಡೆ ಹೋಗುವ ರಸ್ತೆಯಿಂದ ಸಂದಿಯೊಂದಕ್ಕೆ ತಿರುಗಿದರೆ ತಗಡಿನ ಶೆಡ್ಡು. ಒಳಗೆ ಒಂದೇ ಲೇತ್. ಮರದ ತುಂಡನ್ನು ಎರಡು ತುದಿಯಲ್ಲಿ ಕಚ್ಚಿಸಿ, ಮೋಟರಿನಿಂದ ಗರಗರ ತಿರುಗಿಸಿ, ಉಳಿ ಒತ್ತಿ ಬೇಕಾದ ಆಕಾರಕ್ಕೆ ಇಳಿಸುವ ಯಂತ್ರ. ಅದರ ಮುಂದೆ ಅರವತ್ತು ದಾಟಿದ ಸಾಬರೊಬ್ಬರು ನಿಂತಿದ್ದರು. ಬಿಳಿ ಬನಿಯನ್, ಚೌಕಳಿ ಲುಂಗಿ. ನನ್ನ ಮಾದರಿಯನ್ನು ಒಮ್ಮೆ ಅಂಗೈಯಲ್ಲಿ ಹೊರಳಿಸಿ ನೋಡಿ ಪಕ್ಕಕ್ಕಿಟ್ಟರು. ಅಳತೆಪಟ್ಟಿ ಮುಟ್ಟಲೇ ಇಲ್ಲ. ಕಾಲು ಗಂಟೆಯಲ್ಲಿ ಅದೇ ಉಬ್ಬು, ಅದೇ ಬಳೆ, ಅದೇ ಗುಬಟಿನ ಕಾಲು ನನ್ನ ಕೈಗೆ ಬಂತು. ಇನ್ನೂ ಬೆಚ್ಚಗಿತ್ತು.

ಮುಂದಿನ ಭಾನುವಾರ ಏನೂ ಕೆಲಸವಿಲ್ಲದೆಯೇ ಹೋದೆ. ವಾರವೆಲ್ಲ ಮೈಕ್ರೋಸ್ಕೋಪಿನ ತೂತಿನಲ್ಲಿ ಒಂದು ಕಣ್ಣಿಟ್ಟು ಕೂರುವವನಿಗೆ, ಎರಡೂ ಕಣ್ಣು ಬಿಟ್ಟು ಒಂದು ವಸ್ತು ಆಗುವುದನ್ನು ನೋಡುವುದೇ ಸುಖ ಅನ್ನಿಸಿತ್ತು. ಮೂರನೇ ವಾರ ಅವರೇ ಉಳಿ ಕೈಗೆ ಕೊಟ್ಟರು. ನಾನು ಅವರನ್ನು ಉಸ್ತಾದ್ರೆ ಅನ್ನತೊಡಗಿದೆ. ಅವರು ನನ್ನನ್ನು ಡಾಕ್ಟ್ರೆ ಅಂದರು. ನಾನು ಡಾಕ್ಟರಲ್ಲ ಎಂದರೆ, ‘ಬಿಳಿ ಕೋಟು ಹಾಕ್ಕಂತೀರಲ್ಲ, ಸಾಕು’ ಅನ್ನುತ್ತಿದ್ದರು. ಮೊದಲ ವರ್ಷ ಕಡೆದದ್ದೆಲ್ಲ ಲಟ್ಟಣಿಗೆ. ಅವುಗಳಲ್ಲಿ ಸೊಟ್ಟಗಿದ್ದವು ಒಲೆಗೆ ಹೋದವು. ಉಸ್ತಾದರು ಕಡೆದ ಒಂದನ್ನು ಯುಗಾದಿಗೆ ಅಕ್ಕನಿಗೆ ಕೊಟ್ಟಿದ್ದೆ.

ಅಕ್ಕನ ವಿಷಯ ಎರಡು ಮಾತು ಹೇಳಬೇಕು. ನಮ್ಮವ್ವ ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ಮದುವೆಯಾಗಿ ದಾವಣಗೆರೆ ಸೇರಿದ್ದ ಅಕ್ಕ ನಮ್ಮೂರು ಲೋಕಿಕೆರೆಗೆ ಬಂದು ನನ್ನ ಬಟ್ಟೆ ಗಂಟು ಕಟ್ಟಿಕೊಂಡು ಹೋದಳು. ಗಂಡನ ಮನೆಯಲ್ಲಿ ತಮ್ಮನನ್ನು ಇಟ್ಟುಕೊಂಡು ಓದಿಸುವುದು ಏನೆಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಯಾರಿಗೂ ಎದುರಾಡದೆ, ಎಲ್ಲರ ಮುಖ ನೋಡಿ ಮಾತಾಡುವುದನ್ನು ಅವಳು ಕಲಿತದ್ದು ಆ ವರ್ಷಗಳಲ್ಲೇ ಇರಬೇಕು. ಅಂಥ ಅಕ್ಕ ಅರವತ್ತರ ಹತ್ತಿರ ಬಂದ ಮೇಲೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದಳು. ಅವಳಿಗೆ ನನ್ನ ಕೈಯಿಂದಲೇ ಏನಾದರೂ ಮಾಡಿಕೊಡಬೇಕು ಅನ್ನಿಸಿತು.

ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ. ಯಾವುದೋ ದೇಶದವನು ಹಸಿ ದಿಮ್ಮಿಯೊಂದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಲೇತಿಗೆ ಕಟ್ಟಿ ಬಟ್ಟಲು ಮಾಡಿದ್ದ. ತೊಗಟೆಯ ಕಡೆಯೇ ಬಟ್ಟಲಿನ ಬಾಯಿ. ಅಂಚನ್ನು ಸಮ ಮಾಡದೆ, ಮರ ಹೇಗಿತ್ತೋ ಹಾಗೆ ಏರಿಳಿತದಲ್ಲಿ, ತೊಗಟೆ ಸಮೇತ ಬಿಟ್ಟಿದ್ದ. ಉಸ್ತಾದರಿಗೆ ತೋರಿಸಿದೆ. ಎರಡು ಸಲ ನೋಡಿದರು.

‘ಅಂಚು ತೆಗೀದೆ ಬಿಟ್ಟಾನಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಎದ್ದೋದ್ನೇನು?’

‘ಅದೇ ಚಂದ ಅಂತಾರೆ ಉಸ್ತಾದ್ರೆ.’

‘ನಮ್ಮಪ್ಪ ಆಗಿದ್ರೆ ಉಳಿ ಹಿಡೀಲಿಂದ ಬೆನ್ನಿಗೆ ಬಿಡ್ತಿದ್ದ’ ಎಂದರು. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಯಾವ ಮರ ತರ್ತೀರಿ?’ ಎಂದು ಕೇಳಿದರು.

ಲೋಕಿಕೆರೆಯ ನಮ್ಮ ಹೊಲದ ಬದುವಿನಲ್ಲಿ ಕರಿಜಾಲಿ ಮರವೊಂದರ ಕೊಂಬೆ ಕಡಿದು ಎರಡು ತಿಂಗಳಾಗಿತ್ತು. ಅದರ ತುಂಡೊಂದನ್ನು ತಂದೆ. ಉಸ್ತಾದರು ಪರಿಚಯದ ವರ್ಕ್‌ಶಾಪಿನಲ್ಲಿ ಒಂದು ದುಂಡನೆಯ ಕಬ್ಬಿಣದ ತಟ್ಟೆ ಮಾಡಿಸಿದ್ದರು. ದಿಮ್ಮಿಯನ್ನು ಅದಕ್ಕೆ ಸ್ಕ್ರೂ ಹಾಕಿ ಬಿಗಿದು ಲೇತಿಗೆ ಕಟ್ಟಿದರು. ಉಳಿ ನನ್ನ ಕೈಯಲ್ಲಿತ್ತು. ತಿರುಗಲು ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ತುಟಿಯ ಮೇಲೆ ತಣ್ಣಗೆ ಏನೋ ಬಂದು ಬಿತ್ತು. ಮೋಟರು ನಿಲ್ಲಿಸಿ ನೋಡಿದರೆ ತೊಗಟೆಯ ಕೆಳಗೆ ಕಿರುಬೆರಳು ದಪ್ಪದ ಬಿಳಿ ಹುಳ. ಉಳಿ ಅದನ್ನು ಸರಿಯಾಗಿ ನಡುವೆ ಸೀಳಿತ್ತು. ಅರ್ಧ ಮರದಲ್ಲಿ, ಅರ್ಧ ನನ್ನ ಮುಖದ ಮೇಲೆ. ಪಕ್ಕದಲ್ಲಿ ಅಂಥವೇ ಇನ್ನೂ ನಾಲ್ಕಾರು ಮಿಸುಕುತ್ತಿದ್ದವು. ನಾನು ತುಟಿಯ ಮೇಲಿದ್ದದ್ದನ್ನು ಬೆರಳಿನಿಂದ ತೆಗೆದು, ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ನೋಡಿದೆ. ತಿರುಗಿದರೆ ಉಸ್ತಾದರಿಲ್ಲ. ಹೊರಗೆ ಗೋಡೆ ಹಿಡಿದುಕೊಂಡು ನಿಂತಿದ್ದರು, ಬಾಯಿಗೆ ಟವೆಲ್ ಒತ್ತಿಕೊಂಡು.

‘ಮೊದ್ಲು ತುಟಿ ತೊಳಕಳ್ರಿ ಡಾಕ್ಟ್ರೆ. ನಂಗೆ ನೋಡಾಕ ಆಗವಲ್ದು.’

ನಾನು ನಕ್ಕೆ. ಆ ದಿನ ಅವರು ಚಹಾ ಕುಡಿಯಲಿಲ್ಲ. ದಿಮ್ಮಿಯನ್ನು ತಾವು ಮುಟ್ಟದೆ ನನ್ನಿಂದಲೇ ಹೊರಗೆ ಹಾಕಿಸಿದರು. ಶೆಡ್ಡನ್ನು ಎರಡು ಸಲ ಗುಡಿಸಿದರು. ಅವರು ಅಂಥ ಚೊಕ್ಕ ಮನುಷ್ಯ.

ಎರಡನೇ ಸಲ ಅದೇ ಮರದಿಂದ ಹೊಸದಾಗಿ ಕೊಂಬೆ ಕಡಿಸಿ, ಮರುದಿನವೇ ಬಸ್ಸಿನಲ್ಲಿ ಹಾಕಿಕೊಂಡು ಹೋದೆ. ಹಸಿ ಜಾಲಿ. ಉಳಿ ತಾಗಿದರೆ ಕನ್ನಡಕದ ಮೇಲೆ ರಸ ಸಿಡಿಯುತ್ತಿತ್ತು. ಹುಳಿ ಬಂದ ಬೆಲ್ಲದಂಥ ವಾಸನೆ. ಹೊರಮೈ ಆಯಿತು. ಬಟ್ಟಲಿನ ತಳಕ್ಕೆ ಆ ಕಬ್ಬಿಣದ ತಟ್ಟೆ ಬಿಗಿದು, ತಿರುಗಿಸಿ ಕಟ್ಟಿ, ಒಳಗೆ ತೋಡಲು ಹಿಡಿದಾಗ ಕಷ್ಟ ಗೊತ್ತಾಯಿತು. ಅಂಚು ಸಮ ಇಲ್ಲದ್ದರಿಂದ ಉಳಿಯ ತುದಿಗೆ ಒಮ್ಮೆ ಮರ, ಒಮ್ಮೆ ಬರೀ ಗಾಳಿ, ಮತ್ತೆ ಮರ. ಟಕಟಕಟಕ ಎಂದು ಮೊಣಕೈವರೆಗೆ ಬಡಿಯುತ್ತಿತ್ತು. ತಿರುಗುವಾಗ ಆ ಏರು ತುದಿಗಳು ಹೊಗೆಯ ಹಾಗೆ ಮಸುಕಾಗಿ ಕಾಣುತ್ತವೆ, ಅಲ್ಲಿ ಏನೂ ಇಲ್ಲವೇನೋ ಅನ್ನುವ ಹಾಗೆ.

‘ಕಾಣಲ್ಲ ಅಂತ ಬೆರಳು ಇಡಬ್ಯಾಡ್ರಿ. ಹೊಗೆ ಅಲ್ಲ ಅದು, ಮರ.’

ಅರ್ಧ ತೋಡುವಷ್ಟರಲ್ಲಿ ಒಂದು ಕಡೆ ತೊಗಟೆ ಸಡಿಲವಾಯಿತು. ಉಸ್ತಾದರು ಅಂಟು ಹನಿಸಿ ಬಟ್ಟೆಪಟ್ಟಿ ಸುತ್ತಿ ಅರ್ಧ ಗಂಟೆ ಕಾದರು. ಮತ್ತೆ ನಾನು ಉಳಿ ಹಿಡಿದಾಗ ಅದು ಅಂಚಿಗೆ ಬಡಿದು ಜಾರಿತು. ‘ಬಿಡ್ರಿ ಇಲ್ಲಿ’ ಎಂದು ಅವರೇ ನಿಂತರು. ಅಂಚಿನಿಂದ ತಳದವರೆಗೆ, ಉಸಿರು ಹಿಡಿದುಕೊಂಡು, ಉಳಿಯನ್ನು ಒಂದೇ ಎಳೆತದಲ್ಲಿ ಇಳಿಸುತ್ತಿದ್ದರು. ಉದ್ದನೆಯ ಹಸಿ ಸುರುಳಿಗಳು ಅವರ ಹೆಗಲ ಮೇಲಿಂದ ಬೀಳುತ್ತಿದ್ದವು. ಒಳಮೈಯೆಲ್ಲ ಅವರ ಕೈಯದೇ. ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜಿದ್ದು ನಾನು. ಒಣಗಲು ಎರಡು ವಾರ ಮರದ ಹೊಟ್ಟಿನಲ್ಲಿ ಹೂತಿಟ್ಟೆವು. ತೆಗೆದಾಗ ಬಟ್ಟಲು ತುಸು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಅವರು ಹಳೆಯ ಬಟ್ಟೆಯಲ್ಲಿ ಅಗಸೆ ಎಣ್ಣೆ ಅದ್ದಿ ಸವರಿದರು. ಒಳಗೆಲ್ಲ ಕೆಂಪು, ಅಂಚಿನ ಹತ್ತಿರ ಬೆರಳಗಲ ಹಳದಿ, ಅದರ ಮೇಲೆ ಕರಿ ತೊಗಟೆಯ ಒರಟು ಗೆರೆ. ಉಸ್ತಾದರು ಬಹಳ ಹೊತ್ತು ನೋಡಿದರು.

‘ಆ ವಿಡಿಯೊದವನು ಕೆಲಸ ಬಿಟ್ಟು ಎದ್ದೋಗಿರ್ಲಿಲ್ಲ ಬಿಡ್ರಿ’ ಎಂದರು. ‘ಅಕ್ಕಾರು ಎಲ್ಲಿ ಇಡ್ತಾರ ನೋಡಿ ಒಂದು ಫೋಟೋ ಕಳಸ್ರಿ.’

ಗೃಹಪ್ರವೇಶಕ್ಕೆ ಉಸ್ತಾದರನ್ನೂ ಕರೆಯಿರಿ ಎಂದು ಹೆಂಡತಿ ಹೇಳಿದ್ದಳು. ಅಷ್ಟು ದೂರ ಯಾಕೆ, ಅವರಿಗೂ ಸಂಕೋಚ, ಎಂದು ನಾನೇ ತೇಲಿಸಿದ್ದೆ.

ಅಂದು ಬೆಳಿಗ್ಗೆ ಅಕ್ಕ ಬಟ್ಟಲನ್ನು ನೋಡಿ ಕಣ್ಣಿಗೆ ಒತ್ತಿಕೊಂಡಳು. ತವರಿನ ಮರ ಅಂತ ದೇವರ ಜಗಲಿಯ ಮುಂದೆಯೇ ಇಟ್ಟು, ಬಾಳೆಹಣ್ಣು, ಮೋಸಂಬಿ, ವೀಳ್ಯದೆಲೆ ತುಂಬಿದಳು. ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು. ನಾನು ಕಂಬದ ಪಕ್ಕ ನಿಂತು ಅವರು ನೋಡುವುದನ್ನು ನೋಡುತ್ತಿದ್ದೆ. ಪೂಜೆ ಮುಗಿದು ಮಂಗಳಾರತಿಯಾದ ಮೇಲೆ ಭಾವನ ಅಕ್ಕ ಬಟ್ಟಲಿನ ಹತ್ತಿರ ಬಂದರು. ಆ ದಿನದ ಪೂಜೆಯ ಯಜಮಾನಿಕೆಯೆಲ್ಲ ಅವರದು.

‘ಇದೇನಿದು, ಅಂಚು ಕಜ್ಜಿ ಹಿಡಿದಂಗೈತಲ್ಲ?’

‘ತೊಗಟೆ ಅತ್ತಿಗೆ, ಅದನ್ನ ಹಂಗೇ ಬಿಡೋದಂತೆ’ ಎಂದಳು ಅಕ್ಕ. ‘ನಮ್ಮ ಹೊಲದ ಜಾಲಿ.’

‘ಎಲ್ಲಿ ಮಾಡ್ಸಿದ್ದು?’

‘ಹರಿಹರದಾಗ’ ಎಂದೆ ನಾನು.

‘ಹರಿಹರದಾಗ ಈ ಕೆಲಸ ಮಾಡೋರು ಸಾಬ್ರಲ್ಲೇನು?’

ಅವರು ಸಿಟ್ಟು ಮಾಡಲಿಲ್ಲ, ದನಿ ಏರಿಸಲಿಲ್ಲ. ಅನ್ನದಲ್ಲಿ ಸಿಕ್ಕ ಕೂದಲನ್ನು ತೆಗೆಯುವ ಹಾಗೆ ಎರಡೇ ಬೆರಳಿನಲ್ಲಿ ಒಂದೊಂದೇ ಹಣ್ಣನ್ನು ಎತ್ತಿ ಸ್ಟೀಲಿನ ತಟ್ಟೆಗೆ ಹಾಕತೊಡಗಿದರು. ‘ಹೊರಗೆ ಟೀಪಾಯಿ ಮ್ಯಾಲೆ ಇಟ್ಕಳ್ರಿ, ಯಾರು ಬ್ಯಾಡಂತಾರ? ದೇವರ ಮುಂದೆ ಬ್ಯಾಡ.’

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಬೇಡಿಕೆಯಿತ್ತು. ‘ನೀನೇ ಅಲ್ಲೇನೋ ಕಡದಿದ್ದು? ಪೂರಾ ನೀನೇ ಅಲ್ಲ?’

‘ಹ್ಞೂಂ, ನಾನೇ’ ಎಂದೆ.

‘ಅವರು ಮುಟ್ಟಿಲ್ಲಲ್ಲ?’ ಎಂದರು ಭಾವನ ಅಕ್ಕ.

‘ಇಲ್ಲ. ಮಿಷಿನ್ ಅಷ್ಟೇ ಅವರದು.’

ಬಿಗಿದಿದ್ದ ಎಲ್ಲರ ಮುಖವೂ ಸಡಿಲವಾಯಿತು. ‘ಮೊದ್ಲೇ ಹೇಳಬಾರ್ದಾ’ ಎಂದು ಅವರು ಹಣ್ಣುಗಳನ್ನು ವಾಪಸು ಜೋಡಿಸಿದರು. ಆಮೇಲೆ, ಯಾವುದಕ್ಕೂ ಇರಲಿ ಅಂತ, ಪಕ್ಕದ ತಾಮ್ರದ ಗಿಂಡಿಯಲ್ಲಿದ್ದ ಗೋಮೂತ್ರವನ್ನು ಮಾವಿನೆಲೆಯಿಂದ ಎರಡು ಸಲ ಚಿಮುಕಿಸಿದರು. ಮೂತ್ರದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ದಿನಾ ನೋಡುವ ವಸ್ತು. ಅದು ಬಿದ್ದ ಜಾಗವನ್ನೇ ನೋಡುತ್ತ ನಿಂತಿದ್ದೆ. ಒಳಮೈ. ಉಸ್ತಾದರು ಉಸಿರು ಹಿಡಿದು ಕಡೆದ ಕೆಂಪು.

ಊಟಕ್ಕೆ ಕೂತೆವು. ಎಲೆಗೆ ಹೋಳಿಗೆ ಬಿತ್ತು, ಮೇಲೆ ತುಪ್ಪ. ಅಡುಗೆಮನೆಯ ಬಾಗಿಲು ನನ್ನ ಎದುರಿಗೇ ಇತ್ತು. ಅಲ್ಲಿ ಕೂತು ಹೆಂಗಸೊಬ್ಬಳು ಹೋಳಿಗೆ ಲಟ್ಟಿಸುತ್ತಿದ್ದಳು. ಯುಗಾದಿಗೆ ನಾನು ಕೊಟ್ಟ ಲಟ್ಟಣಿಗೆ. ಅದನ್ನು ಯಾರು ಕಡೆದದ್ದು ಎಂದು ಯಾರೂ ಕೇಳಿರಲಿಲ್ಲ. ಭಾವನ ಅಕ್ಕ ನನ್ನ ಪಕ್ಕದ ಎಲೆಯಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ನಾನೂ ಒಂದು ತುತ್ತು ಮುರಿದು ಬಾಯಿಗಿಟ್ಟೆ. ‘ಮಿಷಿನ್ ಅಷ್ಟೇ ಅವರದು’ ಎಂದ ನಾಲಿಗೆಯ ಮೇಲೆ ಆ ಸಿಹಿ ಕರಗತೊಡಗಿತು. ಎದ್ದು ಹಿತ್ತಲ ನಲ್ಲಿಯ ಹತ್ತಿರ ಓಡಿ ಎಲ್ಲ ಕಾರಿಕೊಂಡೆ. ಅಕ್ಕ ಹಿಂದೆಯೇ ಬಂದು ಬೆನ್ನು ನೀವಿದಳು. ‘ಬೆಳಗಿಂದ ಖಾಲಿ ಹೊಟ್ಟೆ, ಪಿತ್ತ ಆಗೈತೆ’ ಎಂದು ಬಂದವರಿಗೆ ಹೇಳಿದಳು. ನಾನು ಹಲ್ಲು, ನಾಲಿಗೆ, ತುಟಿ ಮೂರು ಸಲ ತೊಳೆದೆ. ಹುಳ ಸಿಡಿದ ದಿನ ಒಂದು ಸಲ ಒರೆಸಿಕೊಂಡಿದ್ದ ತುಟಿ.

ಸಂಜೆ ಫೋಟೋ ಕಳಿಸಿದೆ. ಕಳಿಸದೆ ಇರಬಹುದಿತ್ತು. ಜಗಲಿ, ದೀಪ, ಹಣ್ಣು ತುಂಬಿದ ಬಟ್ಟಲು. ಉಸ್ತಾದರಿಂದ ಮರುಕ್ಷಣವೇ ಕೈಮುಗಿದ ಚಿತ್ರ ಬಂತು. ಭಾನುವಾರ ಹೋದರೆ ಅದೇ ಫೋಟೋ ಅವರ ಮೊಬೈಲಿನ ತೆರೆಯ ಮೇಲೆ. ‘ದೇವರ ಮುಂದೇನೆ ಇಟ್ಟಾರೆ ಅಕ್ಕಾರು’ ಎಂದು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ನಾನು ಮೂರು ವಾರ ಸುಮ್ಮನಿದ್ದೆ. ಅವರು ಚಹಾ ಕೊಟ್ಟರೆ ಕುಡಿಯುತ್ತಿದ್ದೆ. ನನ್ನ ಕೈ, ನನ್ನ ಬಾಯಿ, ನನ್ನ ದನಿ ಎಲ್ಲದರ ಮೇಲೂ ನನಗೆ ಅಸಹ್ಯ. ಲ್ಯಾಬಿನಲ್ಲಾದರೆ ಕೊಳಕಿಗೆ ಒಂದು ಕ್ರಮ ಇದೆ. ಇಷ್ಟು ಹೊತ್ತು ಕುದಿಸು, ಇಂಥ ದ್ರಾವಣದಲ್ಲಿ ನೆನೆಹಾಕು, ಈ ಬಣ್ಣದ ಚೀಲಕ್ಕೆ ಹಾಕು. ಇದಕ್ಕೆ ಏನು ಮಾಡುವುದು ಗೊತ್ತಾಗಲಿಲ್ಲ.

ನಾಲ್ಕನೇ ವಾರ ಹೇಳಿಬಿಟ್ಟೆ. ಮೋಟರು ನಿಂತಿತ್ತು, ಅವರು ಉಳಿ ಮಸೆಯುತ್ತಿದ್ದರು. ಆದದ್ದನ್ನೆಲ್ಲ ಹೇಳಿದೆ, ನಾನು ಅಂದ ಮಾತನ್ನೂ ಬಿಡದೆ. ಅವರು ಮಸೆಯುವುದನ್ನು ನಿಲ್ಲಿಸಲಿಲ್ಲ.

‘ಇದನ್ನ ಅಲ್ಲಿ ಹೇಳ್ಬೇಕಿತ್ರಿ’ ಎಂದರು ಕೊನೆಗೆ. ‘ಇಲ್ಲಿ ಯಾಕ ಹೇಳ್ತೀರಿ? ನಂಗೆ ಏನೂ ಗೊತ್ತಿರ್ಲಿಲ್ಲ. ಖುಷಿಯಾಗಿದ್ದೆ.’

ಕ್ಷಮಿಸಿ ಎಂದೆ. ಅವರು ಉಳಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ‘ಮುಂದಿನ ವಾರ ಬರಲೋ ಬ್ಯಾಡವೋ?’ ಎಂದು ಕೇಳಿದೆ. ‘ಅದು ನಿಮಗೆ ಬಿಟ್ಟಿದ್ದು’ ಎಂದರು. ಡಾಕ್ಟ್ರೆ ಅನ್ನಲಿಲ್ಲ.

ಬಸ್ಸಿಳಿದವನು ಮನೆಗೆ ಹೋಗದೆ ನೇರ ಅಕ್ಕನ ಮನೆಗೆ ಹೋದೆ. ಅಕ್ಕ ಸೊಪ್ಪು ಸೋಸುತ್ತಿದ್ದಳು. ಬಟ್ಟಲು ಜಗಲಿಯ ಮುಂದೆಯೇ ಇತ್ತು, ಒಳಗೆ ಊದುಬತ್ತಿಯ ಪೊಟ್ಟಣ.

‘ಅಕ್ಕ, ಆ ಬಟ್ಟಲಿನ ಅರ್ಧಕ್ಕಿಂತ ಹೆಚ್ಚು ಕೆಲಸ ಉಸ್ತಾದ್ರು ಮಾಡಿದ್ದು. ಅವತ್ತು ನಾನು ಸುಳ್ಳು ಹೇಳಿದೆ.’

ಅಕ್ಕ ತಲೆ ಎತ್ತಲಿಲ್ಲ. ‘ನಂಗೆ ಗೊತ್ತಿತ್ತು ಕಣೋ. ನಿಮ್ಮನೆ ಒಲೆ ಪಕ್ಕ ಬಿದ್ದಿದ್ದ ನಿನ್ನ ಸೊಟ್ಟ ಲಟ್ಟಣಿಗೆ ನಾನು ನೋಡಿಲ್ಲೇನು? ಅದಕ್ಕೇ ಹಂಗೆ ಕೇಳಿದ್ದು. ಮಾತು ಅಲ್ಲಿಗೇ ಮುಗೀಲಿ ಅಂತ.’

ಒಳಗಿನ ಕೋಣೆಯಲ್ಲಿ ಭಾವ ಟಿವಿ ನೋಡುತ್ತಿದ್ದರು. ಅವರಾದರೂ ಬೈಯುತ್ತಾರೆ, ಬಟ್ಟಲನ್ನು ಎತ್ತಿ ಹೊರಗಿಡುತ್ತಾರೆ, ಆಗ ನಾನು ಹೇಳಬೇಕಾದ್ದನ್ನು ಹೇಳಿ ಜಗಳವಾಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಹೋಗಿ ಅವರಿಗೂ ಹೇಳಿದೆ. ಭಾವ ಟಿವಿಯ ಸದ್ದು ಸ್ವಲ್ಪ ಇಳಿಸಿದರು.

‘ಆಯ್ತು ಬಿಡು, ಈಗ್ಯಾಕ ಅದು? ಯಾರು ಮಾಡಿದ್ರೇನು, ಚಲೋ ಐತೆ. ನಮ್ಮಕ್ಕನ ಮುಂದೆ ಮಾತ್ರ ಬಾಯಿ ಬಿಡಬ್ಯಾಡ. ಊಟ ಮಾಡ್ಕಂಡು ಹೋಗು.’

ಅವರ ಮುಖದಲ್ಲಿ ದ್ವೇಷದ ಗೆರೆಯೂ ಇರಲಿಲ್ಲ. ದ್ವೇಷ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಿಡಿದು ಹೊರಗೆ ಎಸೆಯಲು ಏನಾದರೂ ಸಿಗುತ್ತಿತ್ತು. ಊಟ ಮಾಡದೆ ಬಂದೆ. ಅಕ್ಕ ಗೇಟಿನವರೆಗೆ ಬಂದು, ಸಿಟ್ಟಾಗಬ್ಯಾಡ ಎಂದಳು. ನನಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಅವಳ ಕೈಯ ಅನ್ನ ಆ ಹೊತ್ತಿಗೆ ನನಗೆ ಸೇರುತ್ತಿರಲಿಲ್ಲ, ಅಷ್ಟೇ. ಅದನ್ನು ಅವಳಿಗೆ ಹೇಗೆ ಹೇಳುವುದು.

ಮುಂದಿನ ಭಾನುವಾರ ಹರಿಹರಕ್ಕೆ ಹೋದೆ. ಉಸ್ತಾದರ ಮೊಬೈಲಿನ ಮೇಲೆ ಮೊಮ್ಮಗಳ ಫೋಟೋ ಬಂದಿತ್ತು. ಅಕ್ಕನಿಗೂ ಭಾವನಿಗೂ ಹೇಳಿಬಂದೆ ಎಂದೆ.

‘ಏನಂದ್ರು?’

‘ಏನೂ ಅನ್ಲಿಲ್ಲ. ಅಕ್ಕಗೆ ಮೊದ್ಲೇ ಗೊತ್ತಿತ್ತಂತೆ. ಭಾವ ಯಾರು ಮಾಡಿದ್ರೇನು ಅಂದ್ರು.’

ಉಸ್ತಾದರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ನನ್ನನ್ನು ನೋಡಿದರು. ‘ಹಂಗಾರೆ ಅವತ್ತು ನೀವು ಹೆದರಿದ್ದು ಯಾರಿಗೆ?’

ಉತ್ತರಕ್ಕೆ ಅವರು ಕಾಯಲಿಲ್ಲ. ತೊಟ್ಟಿಲ ಕಾಲುಗಳು ನಾಲ್ಕು ಆಗಬೇಕಿತ್ತು, ಸಾರಥಿ ಎಂಬ ಊರಿನ ಗಿರಾಕಿಗಳು ಮಧ್ಯಾಹ್ನಕ್ಕೆ ಬರುವವರಿದ್ದರು. ಒಂದು ತುಂಡನ್ನು ಲೇತಿಗೆ ಕಚ್ಚಿಸಿ ಮೋಟರು ಹಾಕಿದರು. ನಾನು ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಅವರ ಕಾಲ ಬುಡದ ಹೊಟ್ಟು ಗುಡಿಸತೊಡಗಿದೆ. ಬೇಡ ಎನ್ನಲಿಲ್ಲ. ಸ್ವಲ್ಪ ಸರಿದು ನಿಂತು ಜಾಗ ಬಿಟ್ಟರು.